ದೆಹಲಿಗೆ ಹೊರಟಿದ್ದೀರಾ? ಎಲ್ಲಿ ರೂಮ್ ಮಾಡಬೇಕು, ಯಾವ ಕಡೆ ತಲೆ ಹಾಕಬಾರದು

ನಮ್ಮ ನೆಂಟರ ಪೈಕಿ ಕೆಲಸದ ಮೇಲೆ ದೆಹಲಿಗೆ ಆಗಾಗ ಹೋಗಿ ಬರುವವನು ನಾನೊಬ್ಬನೇ. ಹಾಗಾಗಿ ದಸರಾ ರಜೆ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. ಒಂದು ಹೋಟೆಲಿನ ಫೋಟೋ. ಬಿಳಿ ಹಾಸಿಗೆ ಮೇಲೆ ಹಂಸದ ಹಾಗೆ ಮಡಚಿಟ್ಟ ಟವೆಲ್. ಕೆಳಗೊಂದು ಪ್ರಶ್ನೆ: "ಸ್ಟೇಷನ್ನಿಗೆ ಬರೀ 400 ಮೀಟರ್ ಅಂತೆ, ಬುಕ್ ಮಾಡಿಬಿಡ್ಲಾ?"

ಮಾಡಿ ಅಂತಲೋ ಬೇಡ ಅಂತಲೋ ಒಂದೇ ಮಾತಲ್ಲಿ ಹೇಳುವುದು ಕಷ್ಟ. ಬ್ಯಾಗ್ ಒಂದನ್ನು ಹೆಗಲಿಗೇರಿಸಿಕೊಂಡು ಮಧ್ಯಾಹ್ನ ಇಳಿಯುವ ಇಪ್ಪತ್ತೈದರ ಹುಡುಗನಿಗೆ ಆ ಹೋಟೆಲು ಚೆನ್ನಾಗಿಯೇ ಇರುತ್ತದೆ. ನಮ್ಮತ್ತೆ ನಾಲ್ಕು ಸೂಟ್‌ಕೇಸು, ಮಂಡಿ ನೋವಿನ ಮಾವನನ್ನು ಕಟ್ಟಿಕೊಂಡು ರಾತ್ರಿ ಹನ್ನೊಂದಕ್ಕೆ ಇಳಿದರೆ ಅದೇ 400 ಮೀಟರ್ ನಾಲ್ಕು ಮೈಲಿ ಆಗುತ್ತದೆ.

ದೆಹಲಿಯ ಅಪಾಯಕಾರಿ ಏರಿಯಾಗಳು ಅಂತ ಹುಡುಕಿದರೆ ಪಟ್ಟಿಗಳಿಗೇನೂ ಬರ ಇಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ಯಮುನೆಯ ಆಚೆಗಿನ, ಊರಂಚಿನ ಬಡವರ ಬಡಾವಣೆಗಳು. ಪ್ರವಾಸಕ್ಕೆ ಬಂದವರು ಆ ಕಡೆ ಹೋಗುವುದೇ ಇಲ್ಲ. ಅಲ್ಲಿರುವವರು ಬೆಳಗೆದ್ದು ಕೆಲಸಕ್ಕೆ ಹೋಗಿ ಸಂಜೆ ಮನೆ ಸೇರುವ ಜನ. ಅವರ ಬೀದಿಗೆ ಸುಮ್ನೆ ಮಸಿ ಬಳಿದು ನಮಗೇನು ಆಗಬೇಕು? ಪ್ರವಾಸಿಯ ಜೇಬಿಗೆ ಕತ್ತರಿ ಬೀಳುವುದು ರಾಜೀವ್ ಚೌಕ್ ಮೆಟ್ರೋದ ನೂಕುನುಗ್ಗಲಿನಲ್ಲಿ, ರೈಲ್ವೆ ಸ್ಟೇಷನ್ ಬಾಗಿಲಲ್ಲಿ, ಕನಾಟ್ ಪ್ಲೇಸಿನ ಬಿಳಿ ಕಂಬಗಳ ನೆರಳಲ್ಲಿ. ಎಲ್ಲರೂ ಹೋಗಲೇಬೇಕಾದ ಜಾಗಗಳಲ್ಲೇ.

ಹಾಗಾಗಿ ಏರಿಯಾದ ಹೆಸರಿಗಿಂತ ಮೊದಲು ನಾನು ಕೇಳುವುದು ಮೂರು ವಿಷಯ. ಎಷ್ಟು ಹೊತ್ತಿಗೆ ಇಳೀತೀರಿ? ಯಾವ ಸ್ಟೇಷನ್, ಯಾವ ಕಡೆಯ ಬಾಗಿಲು? ಕೊನೆಯ ಅರ್ಧ ಕಿಲೋಮೀಟರ್ ಹೇಗೆ ಹೋಗ್ತೀರಿ? ಇವಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಸ್ಟೇಷನ್ ಪಕ್ಕದ ಪಹಾಡ್‌ಗಂಜ್

ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಇಳಿಯುವುದು ನವದೆಹಲಿ ಸ್ಟೇಷನ್ನಿನಲ್ಲಿ. ಈ ಸ್ಟೇಷನ್ನಿಗೆ ಎರಡು ಮುಖ. 1ನೇ ಪ್ಲಾಟ್‌ಫಾರ್ಮ್ ಕಡೆ ಪಹಾಡ್‌ಗಂಜ್, 16ನೇ ಪ್ಲಾಟ್‌ಫಾರ್ಮ್ ಕಡೆ ಅಜ್ಮೇರಿ ಗೇಟ್. ಮೆಟ್ರೋ ಇರುವುದು ಅಜ್ಮೇರಿ ಗೇಟ್ ಕಡೆ. ಹಳದಿ ಲೈನೂ ಅಲ್ಲೇ, ವಿಮಾನ ನಿಲ್ದಾಣಕ್ಕೆ ಸುಮಾರು ಇಪ್ಪತ್ತು ನಿಮಿಷಕ್ಕೆ ತಲುಪಿಸುವ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಲೈನೂ ಅಲ್ಲೇ. ಇದು ಗೊತ್ತಿಲ್ಲದೆ ಪಹಾಡ್‌ಗಂಜ್ ಕಡೆ ಇಳಿದು, ಮತ್ತೆ ಟ್ರಾಲಿ ಎಳೆದುಕೊಂಡು ಹದಿನಾರು ಪ್ಲಾಟ್‌ಫಾರ್ಮ್ ದಾಟುವವರನ್ನು ಪ್ರತಿ ಸಲ ನೋಡುತ್ತೇನೆ.

ಪಹಾಡ್‌ಗಂಜ್ ಅಂದರೆ ಮೇನ್ ಬಜಾರ್ ಅನ್ನುವ ಉದ್ದನೆಯ ಬೀದಿ, ಅದರಿಂದ ಒಡೆಯುವ ಓಣಿಗಳು, ಓಣಿಯೊಳಗೆ ಇನ್ನೊಂದು ಓಣಿ. ವಿದೇಶಿ ಬ್ಯಾಕ್‌ಪ್ಯಾಕರ್‌ಗಳು ದಶಕಗಳಿಂದ ಬಂದಿಳಿಯುವ ಜಾಗ. ರೂಮು ಅಗ್ಗ, ಊಟ ಅಗ್ಗ, ರಾತ್ರಿ ಎಷ್ಟು ಹೊತ್ತಾದರೂ ಬೀದಿಯಲ್ಲಿ ಜನ. ಕೊಲೆ ಸುಲಿಗೆ ಅಂತ ಹೆದರುವ ಜಾಗ ಇದಲ್ಲ. ಇಲ್ಲಿನ ಕಾಟವೇ ಬೇರೆ: ದಲ್ಲಾಳಿಗಳು.

ನಮ್ಮ ಚಿಕ್ಕಪ್ಪನಿಗೆ ಆದದ್ದು ಕೇಳಿ. ಜನವರಿ ತಿಂಗಳು, ಮಂಜು ಕವಿದು ರೈಲು ಎಂಟು ಗಂಟೆ ತಡ. ಬೆಳಗ್ಗೆ ಇಳಿಯಬೇಕಾದವರು ಕತ್ತಲಾದ ಮೇಲೆ ಇಳಿದರು. ಹೊರಗೆ ಬಂದು ಆಟೋ ಹತ್ತಿ ಹೋಟೆಲಿನ ಹೆಸರು ಹೇಳಿದ ತಕ್ಷಣ ಡ್ರೈವರ್ "ಅರೇ ಸಾಬ್, ವೋ ತೋ ಬಂದ್ ಹೋ ಗಯಾ" ಅಂದ. ಚಿಕ್ಕಪ್ಪ ನಂಬಲಿಲ್ಲ. "ಬೇಕಾದರೆ ನೀವೇ ಕೇಳಿ" ಅಂತ ಅವನೇ ತನ್ನ ಫೋನಿಂದ ನಂಬರ್ ಒತ್ತಿ ಕೊಟ್ಟ. ಆ ಕಡೆಯಿಂದ ಬಹಳ ವಿನಯದ ದನಿ: "ಹೌದು ಸರ್, ಡ್ರೈನೇಜ್ ಸಮಸ್ಯೆ, ಇವತ್ತು ಯಾರನ್ನೂ ಇಳಿಸಿಕೊಳ್ಳುತ್ತಿಲ್ಲ. ನಮ್ಮದೇ ಇನ್ನೊಂದು ಹೋಟೆಲಿದೆ, ಅದೇ ಆಟೋದವರು ಬಿಡುತ್ತಾರೆ." ಹೋದರು. ಬಾಡಿಗೆ ಎರಡರಷ್ಟು. ಮಾರನೇ ದಿನ ಮ್ಯಾಪ್ ಹಿಡಿದು ನಡೆದುಕೊಂಡು ಹೋಗಿ ನೋಡಿದರೆ ಅವರು ಬುಕ್ ಮಾಡಿದ್ದ ಹೋಟೆಲು ಬಾಗಿಲು ತೆರೆದು ಕೂತಿತ್ತು. ಹುಡುಗನೊಬ್ಬ ಮೆಟ್ಟಿಲು ಒರೆಸುತ್ತಿದ್ದ. "ರಾತ್ರಿಯೆಲ್ಲಾ ಕಾದೆವಲ್ಲ ಸರ್" ಅಂದನಂತೆ.

ಚಿಕ್ಕಪ್ಪ ಮಾಡಿದ ತಪ್ಪು ಒಂದೇ, ಬೇರೆಯವರು ಒತ್ತಿಕೊಟ್ಟ ನಂಬರಿಗೆ ಮಾತಾಡಿದ್ದು. ಹೊರಡುವ ಮೊದಲೇ ಹೋಟೆಲಿನ ನಂಬರ್ ಸೇವ್ ಮಾಡಿಕೊಂಡು ನಿಮ್ಮ ಫೋನಿಂದಲೇ ಮಾಡಿದರೆ ಈ ಆಟ ನಡೆಯುವುದಿಲ್ಲ.

ಇದರ ಇನ್ನೊಂದು ರೂಪ ಸ್ಟೇಷನ್ ಬಾಗಿಲಲ್ಲಿ ನಡೆಯುತ್ತದೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವನೊಬ್ಬ ಟಿಕೆಟ್ ಕೇಳುತ್ತಾನೆ. ನೋಡಿ, ತಲೆ ಅಲ್ಲಾಡಿಸಿ, ಇದು ಕನ್ಫರ್ಮ್ ಆಗಿಲ್ಲ ಅನ್ನುತ್ತಾನೆ. ಇಲ್ಲವೇ ರೈಲು ಕ್ಯಾನ್ಸಲ್ ಆಗಿದೆ, ಎದುರಿನ ಆಫೀಸಿನಲ್ಲಿ ಬದಲಾಯಿಸಿಕೊಳ್ಳಿ ಅನ್ನುತ್ತಾನೆ. ರೈಲ್ವೆಯವರು ಯಾರೂ ನಿಮ್ಮನ್ನು ರಸ್ತೆ ದಾಟಿಸಿ ಆಫೀಸಿಗೆ ಕಳಿಸುವುದಿಲ್ಲ. ಟಿಕೆಟ್ ಕೈಗೆ ಕೊಡದೆ ಮುಂದೆ ನಡೆಯಿರಿ, ಅಷ್ಟೇ.

ಹಾಗಾದರೆ ಪಹಾಡ್‌ಗಂಜ್ ಬೇಡವೇ ಬೇಡವಾ? ಬೆಳಗ್ಗೆ ಆರಕ್ಕೆ ಶತಾಬ್ದಿ ಹಿಡಿಯಬೇಕು, ಒಂದೇ ರಾತ್ರಿ ಮಲಗಬೇಕು ಅನ್ನುವವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಹುಡುಗರ ಗುಂಪಿಗೂ ಸರಿ. ಆದರೆ ಓಣಿಯೊಳಗಿನ ಹೋಟೆಲು ಬೇಡ, ಅಲ್ಲಿಗೆ ಕಾರೂ ಬರುವುದಿಲ್ಲ, ಆಟೋನೂ ಬರುವುದಿಲ್ಲ. ಆರ್‌.ಕೆ. ಆಶ್ರಮ್ ಮಾರ್ಗ್ ಮೆಟ್ರೋ ಕಡೆಯ ತುದಿಯಲ್ಲಿ ಸಿಕ್ಕಿದರೆ ಒಳ್ಳೆಯದು, ನೀಲಿ ಲೈನ್ ಕೈಗೆಟಕುತ್ತದೆ, ಸ್ಟೇಷನ್ ಬಾಗಿಲಿನ ಗಲಾಟೆಯೂ ಕಡಿಮೆ. ಒಂಟಿ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ನನ್ನ ತಂಗಿ ಅಲ್ಲಿ ಎರಡು ರಾತ್ರಿ ಇದ್ದಳು. ಏನೂ ಆಗಲಿಲ್ಲ, ಆದರೆ ಊಟಕ್ಕೆ ಹೊರಗೆ ಹೋದಾಗಲೆಲ್ಲ ದುರುಗುಟ್ಟುವ ಕಣ್ಣುಗಳಿಗೆ ಸಾಕಾಗಿಹೋಯಿತು ಅಂದಳು. ರಜೆಗೆ ಅಂತ ಹೋಗಿ ಅದೆಲ್ಲ ಯಾಕೆ?

ಅಜ್ಮೇರಿ ಗೇಟ್ ಕಡೆ ಹೋಟೆಲು ಹುಡುಕುವವರು ಮ್ಯಾಪನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಅಜ್ಮೇರಿ ಗೇಟಿನಿಂದ ಲಾಹೋರಿ ಗೇಟಿನವರೆಗೆ ಹೋಗುವ ರಸ್ತೆಯ ಈಗಿನ ಹೆಸರು ಸ್ವಾಮಿ ಶ್ರದ್ಧಾನಂದ ಮಾರ್ಗ್. ಆದರೆ ಊರಿಗೆಲ್ಲ ಅದು ಜಿ.ಬಿ. ರೋಡ್. ಹಗಲು ಕೆಳಗಿನ ಅಂತಸ್ತಿನಲ್ಲಿ ಪಂಪು, ಮೋಟಾರು, ನಲ್ಲಿ ಸಾಮಾನಿನ ಅಂಗಡಿಗಳು, ಭರ್ಜರಿ ವ್ಯಾಪಾರ. ಮೇಲಿನ ಅಂತಸ್ತುಗಳಲ್ಲಿ ವೇಶ್ಯಾಗೃಹಗಳು. ಸಂಜೆ ಅಂಗಡಿಗಳ ಶಟರ್ ಎಳೆದ ಮೇಲೆ ಆ ರಸ್ತೆಗೆ ಹೋಗುವ ಕೆಲಸ ನಿಮಗಿಲ್ಲ. ಕುತೂಹಲಕ್ಕೆ ಫೋನ್ ಎತ್ತಿ ಫೋಟೋ ತೆಗೆಯುವುದಂತೂ ಬೇಡ. ಆ ಹೆಣ್ಣುಮಕ್ಕಳಿಗೂ ಮರ್ಯಾದೆ ಇದೆ, ನಿಮಗೂ ಪೆಟ್ಟು ಬೀಳುತ್ತದೆ.

ಕರೋಲ್ ಬಾಗ್

ಪಹಾಡ್‌ಗಂಜ್ ಬೇಡ ಅಂದರೆ ಟ್ರಾವೆಲ್ ಏಜೆಂಟರು ಮುಂದಿಡುವ ಹೆಸರು ಇದು. ನಮ್ಮ ಕಡೆಯಿಂದ ಹೋಗುವ ಹರಿದ್ವಾರ, ಕಾಶಿ ಟೂರುಗಳ ಬಸ್ಸು ನಿಲ್ಲುವುದೂ ಹೆಚ್ಚಾಗಿ ಇಲ್ಲೇ. ರಸ್ತೆ ಸ್ವಲ್ಪ ಅಗಲ, ಸಂಸಾರಸ್ಥರು ಓಡಾಡುವ ಮಾರುಕಟ್ಟೆ, ನೀಲಿ ಲೈನಿನಲ್ಲಿ ರಾಜೀವ್ ಚೌಕ್ ಮೂರನೇ ಸ್ಟಾಪು. ಸೀರೆ, ಸ್ವೆಟರ್, ಚಪ್ಪಲಿ ಖರೀದಿ ಇದ್ದವರಿಗೆ ಅಜ್ಮಲ್ ಖಾನ್ ರಸ್ತೆ ಕಾಲ್ನಡಿಗೆಯಲ್ಲಿ ಸಿಗುತ್ತದೆ.

ಪಹಾಡ್‌ಗಂಜ್‌ಗೆ ಹೋಲಿಸಿದರೆ ಕುಟುಂಬಕ್ಕೆ ಇದೇ ಮೇಲು. ಆದರೆ ಇಲ್ಲಿ ಹೋಟೆಲಿನ ಕಟ್ಟಡವನ್ನು ನೋಡಿ ಆರಿಸಬೇಕು. 2019ರ ಫೆಬ್ರುವರಿ 12ರ ಬೆಳಗಿನ ಜಾವ ಇಲ್ಲಿನ ಒಂದು ಹೋಟೆಲಿಗೆ ಬೆಂಕಿ ಬಿದ್ದು 17 ಜನ ಸತ್ತರು. ಕಾರಿಡಾರಿನ ಮರದ ಪ್ಯಾನೆಲಿಂಗ್‌ನಿಂದ ಬೆಂಕಿ ಬೇಗ ಹಬ್ಬಿತು ಎಂದು ಆಗ ವರದಿಯಾಗಿತ್ತು. ಅಂದಿನಿಂದ ನಾನು ರೂಮಿಗೆ ಕಾಲಿಟ್ಟ ಕೂಡಲೇ ಎರಡು ಕೆಲಸ ಮಾಡುತ್ತೇನೆ. ಕಿಟಕಿ ತೆರೆಯುತ್ತದಾ ನೋಡುತ್ತೇನೆ. ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಒಮ್ಮೆ ಕೆಳಗಿಳಿದು ಬರುತ್ತೇನೆ, ಬಾಗಿಲಿಗೆ ಬೀಗ ಹಾಕಿಲ್ಲ ತಾನೇ ಅಂತ. ಕರೋಲ್ ಬಾಗ್ ಮತ್ತು ಪಹಾಡ್‌ಗಂಜ್ ಎರಡೂ ಕಡೆ ಕಿಟಕಿಯೇ ಇಲ್ಲದ ರೂಮುಗಳು ಬೇಕಾದಷ್ಟಿವೆ. ಕೆಲವು ಕಡೆ ಪರದೆ ಇರುತ್ತದೆ, ಸರಿಸಿದರೆ ಹಿಂದೆ ಬರೀ ಗೋಡೆ! ಬುಕ್ ಮಾಡುವಾಗಲೇ ಫೋನ್ ಮಾಡಿ, ಹೊರಗಿನ ಕಿಟಕಿ ಇರುವ ರೂಮು ಬೇಕು ಅಂತ ಕೇಳಿ. ಅದಕ್ಕೆ ನೂರಿನ್ನೂರು ಜಾಸ್ತಿ ಕೇಳಿದರೆ ಕೊಟ್ಟುಬಿಡಿ.

ಹೆಸರಿನ ಮೋಸವೂ ಒಂದಿದೆ. ಜನ ಮೆಚ್ಚಿದ ಹೋಟೆಲು ಒಂದಿದ್ದರೆ ಅದೇ ಹೆಸರಿನ ಹಿಂದೆ ಮುಂದೆ "ನ್ಯೂ", "ಗ್ರ್ಯಾಂಡ್", "ಇಂಟರ್‌ನ್ಯಾಷನಲ್" ಸೇರಿಸಿಕೊಂಡ ನಾಲ್ಕು ಹೋಟೆಲು ಅದೇ ಬೀದಿಯಲ್ಲಿರುತ್ತವೆ. ಹೆಸರು ನಂಬಬೇಡಿ, ಮ್ಯಾಪಿನ ಪಿನ್ ತರಿಸಿಕೊಳ್ಳಿ.

ಕನಾಟ್ ಪ್ಲೇಸ್: ನಡುಮಧ್ಯ, ಆದರೆ

1933ರಲ್ಲಿ ಕಟ್ಟಿ ಮುಗಿಸಿದ ಈ ದುಂಡನೆಯ ಮಾರುಕಟ್ಟೆ ದೆಹಲಿಯ ನಟ್ಟನಡುವೆ ಇದೆ. ಹಳದಿ ಮತ್ತು ನೀಲಿ ಲೈನು ಕೂಡುವ ರಾಜೀವ್ ಚೌಕ್ ಸ್ಟೇಷನ್ ಇರುವುದು ಇದರ ಕೆಳಗೇ. ಇಲ್ಲೋ ಪಕ್ಕದ ಜನಪಥದಲ್ಲೋ ಉಳಿದರೆ ಎಲ್ಲಿಗೆ ಬೇಕಾದರೂ ಬೇಗ ಹೋಗಬಹುದು. ಬಾಡಿಗೆ ಮಾತ್ರ ಕೈ ಸುಡುತ್ತದೆ. ಮಧ್ಯಮ ದರಕ್ಕೆ ಸಿಗುವುದು ಹಳೇ ಕಟ್ಟಡಗಳ ಮೇಲಂತಸ್ತಿನ ಪುಟ್ಟ ಗೆಸ್ಟ್ ಹೌಸುಗಳು. ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ.

ಹಗಲು ಇಲ್ಲಿ ಹುಷಾರಾಗಿರಬೇಕಾದ್ದು ಸ್ನೇಹಿತರ ಬಗ್ಗೆ. ಚೆನ್ನಾಗಿ ಬಟ್ಟೆ ಹಾಕಿಕೊಂಡವನೊಬ್ಬ ಪಕ್ಕದಲ್ಲಿ ನಡೆಯುತ್ತಾ ಎಲ್ಲಿಂದ ಬಂದಿರಿ, ಬೆಂಗಳೂರಾ, ಅಲ್ಲಿ ನನ್ನ ಅಣ್ಣ ಇದ್ದಾನೆ ಅನ್ನುತ್ತಾನೆ. ಐದು ನಿಮಿಷಕ್ಕೆ ನೀವು ಒಂದು "ಸರ್ಕಾರಿ ಪ್ರವಾಸೋದ್ಯಮ ಕಚೇರಿ"ಯ ಕುರ್ಚಿಯಲ್ಲಿ ಕೂತಿರುತ್ತೀರಿ. ಗೋಡೆಗೆ ಅಶೋಕ ಸ್ತಂಭ, ತಾಜಮಹಲಿನ ಪೋಸ್ಟರ್ ಎಲ್ಲ ಇರುತ್ತದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಕಚೇರಿ ಇರುವುದು 88, ಜನಪಥ್‌ನಲ್ಲಿ. ಅದರ ಸುತ್ತಮುತ್ತ ಅದೇ ಥರ ಬೋರ್ಡ್ ಹಾಕಿಕೊಂಡವರು ಖಾಸಗಿ ಏಜೆಂಟರು. ಕಾಶ್ಮೀರದ ಪ್ಯಾಕೇಜ್ ತಗೊಳ್ಳದೆ ಎದ್ದು ಬರುವುದು ಕಷ್ಟ.

ನೆಲದಡಿಯ ಪಾಲಿಕಾ ಬಜಾರಿನಲ್ಲಿ ಟೀ ಶರ್ಟು ಕೊಳ್ಳಿ, ತೊಂದರೆಯಿಲ್ಲ. ಇಯರ್‌ಫೋನ್, ಪವರ್ ಬ್ಯಾಂಕ್ ಮುಟ್ಟಬೇಡಿ. ರಾತ್ರಿ ಹತ್ತರ ನಂತರ ಒಳಸುತ್ತಿನ ಬೆಳಕಿನಲ್ಲಿ ಓಡಾಡಬಹುದು, ಆದರೆ ಹಿಂಬದಿಯ ಮಿಡಲ್ ಸರ್ಕಲ್ ಬೇಗ ಖಾಲಿಯಾಗುತ್ತದೆ. ಅದನ್ನು ಅಡ್ಡದಾರಿ ಮಾಡಿಕೊಳ್ಳಬೇಡಿ.

ವಿಮಾನ ನಿಲ್ದಾಣದ ಪಕ್ಕ

ಮಹಿಪಾಲ್‌ಪುರ ಮತ್ತು ಏರೋಸಿಟಿ ಮ್ಯಾಪಿನಲ್ಲಿ ಅಕ್ಕಪಕ್ಕ, ಜೇಬಿಗೆ ಬಹಳ ದೂರ. ಏರೋಸಿಟಿಯಲ್ಲಿ ದೊಡ್ಡ ಹೋಟೆಲುಗಳು, ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸಿನ ಸ್ಟೇಷನ್, ಅಚ್ಚುಕಟ್ಟು ರಸ್ತೆ. ಮಹಿಪಾಲ್‌ಪುರ ಹೆದ್ದಾರಿ ಪಕ್ಕದ ಹಳೇ ಹಳ್ಳಿ, ಈಗ ಸಾಲು ಸಾಲು ಅಗ್ಗದ ಹೋಟೆಲು. ರಾತ್ರಿ ಒಂದಕ್ಕೆ ಇಳಿದು ಬೆಳಗ್ಗೆ ಆರಕ್ಕೆ ಮತ್ತೊಂದು ವಿಮಾನ ಹಿಡಿಯುವವರಿಗೆ ಮಹಿಪಾಲ್‌ಪುರ ಸಾಕು. ನಾಲ್ಕು ದಿನ ದೆಹಲಿ ನೋಡಲು ಬಂದವರು ಅಲ್ಲಿ ಉಳಿದರೆ ದಿನಾ ಹೋಗಿ ಬರುವುದೇ ಒಂದು ಪ್ರವಾಸ. ಹೆದ್ದಾರಿಯನ್ನು ಕಾಲ್ನಡಿಗೆಯಲ್ಲಿ ದಾಟುವ ಸಾಹಸ ಬೇಡ. ತಲೆ ಮೇಲೆ ವಿಮಾನ ಹಾರುವ ಸದ್ದು ಮೊದಲ ದಿನ ಮಕ್ಕಳಿಗೆ ಖುಷಿ ಕೊಡುತ್ತದೆ, ಎರಡನೇ ದಿನ ಯಾರಿಗೂ ಕೊಡುವುದಿಲ್ಲ.

ಟಿಕೆಟ್‌ನಲ್ಲಿ ಟರ್ಮಿನಲ್ ನೋಡಿಕೊಳ್ಳಿ. ಟರ್ಮಿನಲ್ 3ಕ್ಕೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್, ಟರ್ಮಿನಲ್ 1ಕ್ಕೆ ಮಜೆಂಟಾ ಲೈನ್. ಎರಡರ ನಡುವೆ ಕಿಲೋಮೀಟರುಗಳ ಅಂತರ. ತಪ್ಪು ಟರ್ಮಿನಲ್ಲಿಗೆ ಹೋಗಿ ಬೆವರಿಳಿಸಿದ ಅನುಭವ ನನಗೇ ಇದೆ.

ದಕ್ಷಿಣ ದೆಹಲಿ: ನನ್ನ ಓಟು ಇದಕ್ಕೆ

ಗ್ರೀನ್ ಪಾರ್ಕ್, ಹೌಜ್ ಖಾಸ್, ಸಫ್ದರ್‌ಜಂಗ್ ಎನ್‌ಕ್ಲೇವ್, ಲಾಜ್‌ಪತ್ ನಗರ. ಪಹಾಡ್‌ಗಂಜ್‌ಗಿಂತ ಬಾಡಿಗೆ ಜಾಸ್ತಿ, ಕನಾಟ್ ಪ್ಲೇಸಿಗಿಂತ ಕಡಿಮೆ. ಮನೆಗಳ ನಡುವೆ ಮನೆಯಂತೆಯೇ ಇರುವ ಗೆಸ್ಟ್ ಹೌಸುಗಳು, ಕೆಳಗೆ ಪಾರ್ಕು, ಬೆಳಗ್ಗೆ ವಾಕಿಂಗ್ ಹೋಗುವ ಅಜ್ಜ ಅಜ್ಜಿಯರು. ಸಂಜೆ ಎಂಟಕ್ಕೆ ಹೆಣ್ಣುಮಕ್ಕಳು ತರಕಾರಿ ತರಲು ಒಬ್ಬರೇ ಓಡಾಡುತ್ತಿರುತ್ತಾರೆ. ಒಂದು ಏರಿಯಾ ಹೇಗಿದೆ ಅಂತ ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆ ಗೊತ್ತಿಲ್ಲ.

ಹೌಜ್ ಖಾಸ್ ಮೆಟ್ರೋವನ್ನೇ ತಗೊಳ್ಳಿ. ಹಳದಿ ಲೈನಿನಲ್ಲಿ ಒಂದು ಕಡೆ ಕುತುಬ್ ಮಿನಾರ್, ಇನ್ನೊಂದು ಕಡೆ ಕೇಂದ್ರ ಸಚಿವಾಲಯ, ರಾಜೀವ್ ಚೌಕ್, ಚಾಂದನಿ ಚೌಕ್. ಮಜೆಂಟಾ ಲೈನಿನಲ್ಲಿ ಒಂದು ಕಡೆ ಟರ್ಮಿನಲ್ 1, ಇನ್ನೊಂದು ಕಡೆ ಲೋಟಸ್ ಟೆಂಪಲ್ ಇರುವ ಕಾಲ್ಕಾಜಿ. ಪ್ರವಾಸಿಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಎರಡೇ ಲೈನಿನಲ್ಲಿ ಮುಗಿಯಿತು. ನಿಜಾಮುದ್ದೀನ್ ಸ್ಟೇಷನ್ನಿಗೆ ಬರುವವರಿಗೆ, ಅಲ್ಲಿಂದ ಬೆಳಗ್ಗೆ ಗತಿಮಾನ್ ಹಿಡಿದು ಆಗ್ರಾಕ್ಕೆ ಹೋಗುವವರಿಗೆ ಲಾಜ್‌ಪತ್ ನಗರ ಹತ್ತಿರ. ಪಿಂಕ್ ಲೈನಿನಲ್ಲಿ ಕೆಲವೇ ಸ್ಟಾಪು. ಅಂದ ಹಾಗೆ ಶುಕ್ರವಾರ ಆಗ್ರಾಕ್ಕೆ ಹೋಗಬೇಡಿ, ತಾಜಮಹಲು ರಜೆ. ಸೋಮವಾರ ಕೆಂಪುಕೋಟೆ, ಅಕ್ಷರಧಾಮ, ಲೋಟಸ್ ಟೆಂಪಲ್ ಮೂರೂ ರಜೆ.

ಇಲ್ಲಿಯ ತಲೆನೋವು ಗೇಟುಗಳದ್ದು. ದೆಹಲಿಯ ಕಾಲೋನಿಗಳಿಗೆ ಕಬ್ಬಿಣದ ಗೇಟು ಹಾಕಿರುತ್ತಾರೆ. ರಾತ್ರಿ ಹತ್ತು ಹನ್ನೊಂದಾಯಿತು ಅಂದರೆ ಒಂದನ್ನು ಬಿಟ್ಟು ಉಳಿದೆಲ್ಲ ಬಂದ್. ಮ್ಯಾಪು ತೋರಿಸುವ ದಾರಿಯಲ್ಲಿ ಕ್ಯಾಬು ಹೋಗುತ್ತದೆ, ಬೀಗ ಹಾಕಿದ ಗೇಟಿನ ಮುಂದೆ ನಿಲ್ಲುತ್ತದೆ, ಹಿಂದೆ ತಿರುಗುತ್ತದೆ, ಇನ್ನೊಂದು ಗೇಟಿನ ಮುಂದೆ ನಿಲ್ಲುತ್ತದೆ. ಒಮ್ಮೆ ನನ್ನ ಕ್ಯಾಬಿನವನು ಸುತ್ತಿ ಸುತ್ತಿ ಸುಸ್ತಾಗಿ ಇಲ್ಲೇ ಇಳಿದುಕೊಳ್ಳಿ ಅಂದುಬಿಟ್ಟ. ಗೇಟಿನ ಸಂದಿಯಿಂದ ಕಾವಲುಗಾರನನ್ನು ಕೂಗಿ, ಬ್ಯಾಗನ್ನು ಮೊದಲು ದಾಟಿಸಿ, ಆಮೇಲೆ ನಾನು ನುಸುಳಿದೆ. ರಾತ್ರಿ ಯಾವ ಗೇಟು ತೆರೆದಿರುತ್ತದೆ ಅಂತ ಗೆಸ್ಟ್ ಹೌಸಿನವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೌಜ್ ಖಾಸ್ ಎನ್‌ಕ್ಲೇವ್ ಬೇರೆ, ಹೌಜ್ ಖಾಸ್ ವಿಲೇಜ್ ಬೇರೆ. ವಿಲೇಜ್ ಅಂದರೆ ಕೆರೆ ದಂಡೆಯ ಪಬ್ಬು, ಕೆಫೆಗಳ ಓಣಿ. ಶನಿವಾರ ರಾತ್ರಿ ಅಲ್ಲಿ ಕುಡಿದವರ ಜಾತ್ರೆ, ಪಕ್ಕದ ಡೀರ್ ಪಾರ್ಕು ಕಗ್ಗತ್ತಲು. ನೋಡಲು ಹೋಗಿ, ಉಳಿಯಲು ಬೇಡ.

ಚಾಣಕ್ಯಪುರಿ, ಆರ್‌.ಕೆ. ಪುರಂ: ನಮ್ಮವರ ಮೂಲೆ

ಕರ್ನಾಟಕ ಭವನದಲ್ಲಿ ರೂಮು ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಚಾಣಕ್ಯಪುರಿಯ ಹಳೇ ಭವನವನ್ನು ಕೆಡವಿ ಹೊಸದಾಗಿ ಕಟ್ಟಿ 2025ರಲ್ಲಿ ತೆರೆದರು, ಹೆಸರು ಕಾವೇರಿ. ಸರ್ಕಾರಿ ಕೆಲಸದ ಮೇಲೆ ಬಂದವರಿಗೆ ಮೊದಲ ಮಣೆ. ಪರಿಚಯದವರ ಪತ್ರ ಇದ್ದು, ಅಧಿವೇಶನದ ಗದ್ದಲ ಇಲ್ಲದಿದ್ದರೆ ಪ್ರಯತ್ನ ಮಾಡಿ ನೋಡಬಹುದು. ಆದರೆ ಅದನ್ನೇ ನಂಬಿಕೊಂಡು ರೈಲು ಹತ್ತಬೇಡಿ.

ಚಾಣಕ್ಯಪುರಿ ರಾಯಭಾರ ಕಚೇರಿಗಳ ಏರಿಯಾ. ಪೊಲೀಸರು ಜಾಸ್ತಿ, ಮರ ಜಾಸ್ತಿ, ಜನ ಇಲ್ಲವೇ ಇಲ್ಲ. ಸುರಕ್ಷಿತ ಅಂತ ಹೆಸರಿದ್ದರೂ ರಾತ್ರಿ ಊಟ ಮುಗಿಸಿ ಒಂದು ಸುತ್ತು ನಡೆದು ಬರೋಣ ಅನ್ನುವ ಜಾಗ ಅದಲ್ಲ. ಅರ್ಧ ಗಂಟೆ ನಡೆದರೂ ಒಂದು ಅಂಗಡಿ ಸಿಗುವುದಿಲ್ಲ. ಇಂಡಿಯಾ ಗೇಟ್ ಸುತ್ತಲಿನ ಬಂಗಲೆ ರಸ್ತೆಗಳದ್ದೂ ಇದೇ ಕಥೆ.

ಆರ್‌.ಕೆ. ಪುರಂ ಹಾಗಲ್ಲ, ಸರ್ಕಾರಿ ನೌಕರರ ಕ್ವಾರ್ಟರ್ಸ್‌ಗಳ ಊರು. ದೆಹಲಿ ಕರ್ನಾಟಕ ಸಂಘ ಇರುವುದು ಇಲ್ಲೇ. ಹತ್ತಿರದ ಪಿಂಕ್ ಲೈನ್ ಸ್ಟೇಷನ್ನಿನ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್. ಮೊದಲ ಸಲ ಮೆಟ್ರೋದಲ್ಲಿ ಆ ಹೆಸರು ಕೂಗಿದಾಗ ಸುತ್ತ ಇದ್ದವರಿಗೆಲ್ಲ ಹೇಳಬೇಕು ಅನ್ನಿಸಿತ್ತು. ಹೋಟೆಲುಗಳು ಕಡಿಮೆ, ಆದರೆ ನೆಂಟರೋ ಗೆಳೆಯರೋ ಈ ಕಡೆ ಇದ್ದರೆ ಸಂಕೋಚ ಬಿಟ್ಟು ಅವರ ಮನೆಗೇ ಹೋಗಿ.

ಹಳೇ ದೆಹಲಿ

ಹಗಲು ಹೋಗಲೇಬೇಕು, ರಾತ್ರಿ ಮಲಗಬಾರದು. ಚಾಂದನಿ ಚೌಕಿನ ಮುಖ್ಯ ರಸ್ತೆಗೆ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡುವುದಿಲ್ಲ, ಆರಾಮಾಗಿ ನಡೆಯಬಹುದು. ಒಳಗಿನ ಗಲ್ಲಿಗಳಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಫೋನು ಮುಂದಿನ ಜೇಬಿನಲ್ಲಿರಲಿ. ಸೈಕಲ್ ರಿಕ್ಷಾ ಹತ್ತುವ ಮೊದಲು ಬಾಡಿಗೆ ತಲೆಗೋ ಗಾಡಿಗೋ ಅಂತ ಬಾಯಿಬಿಟ್ಟು ಕೇಳಿ. ಇಳಿದ ಮೇಲೆ "ಒಬ್ಬರಿಗೆ ಅಷ್ಟು ಅಂತ ಹೇಳಿದ್ದು" ಅನ್ನುವುದು ಅಲ್ಲಿನ ಹಳೇ ಚಾಳಿ.

ಹೊತ್ತು ಮೀರಿದ ಮೇಲೆ

ಬೆಂಗಳೂರಿನ ರಾಜಧಾನಿ ಎಕ್ಸ್‌ಪ್ರೆಸ್ ನಿಜಾಮುದ್ದೀನ್‌ಗೆ ಬರುವುದು ಬೆಳಗಿನ ಜಾವ ಐದೂವರೆ ಹೊತ್ತಿಗೆ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಏಳು ದಾಟಿದ ಮೇಲೆ. ಸ್ಟೇಷನ್ನಿನ ಒಂದು ಬದಿ ಸರಾಯ್ ಕಾಲೇ ಖಾನ್, ಅಲ್ಲಿ ದೊಡ್ಡ ಬಸ್ ನಿಲ್ದಾಣ, ಮೆಟ್ರೋ ಕೂಡ ಆ ಕಡೆಗೇ. ಕತ್ತಲಲ್ಲಿ ಹೊರಗೆ ಕಾಲಿಟ್ಟರೆ ಆಟೋದವರು ಮುತ್ತಿಕೊಳ್ಳುತ್ತಾರೆ. ಅವಸರ ಯಾಕೆ? ಒಳಗೇ ವೇಟಿಂಗ್ ರೂಮಿನಲ್ಲಿ ಕೂತು, ಚಹಾ ಕುಡಿದು, ಬೆಳಕು ಹರಿದ ಮೇಲೆ ಹೊರಡಿ. ಹೇಗೂ ಆ ಹೊತ್ತಿಗೆ ಹೆಚ್ಚಿನ ಹೋಟೆಲುಗಳು ರೂಮು ಕೊಡುವುದಿಲ್ಲ.

ಕಶ್ಮೀರಿ ಗೇಟ್ ಮತ್ತು ಆನಂದ್ ವಿಹಾರ್ ಬಸ್ ನಿಲ್ದಾಣಗಳಿಗೂ ಇದೇ ಮಾತು. ಒಳಗೆ ಪರವಾಗಿಲ್ಲ, ಹೊರಗಿನ ಫ್ಲೈಓವರ್ ಅಡಿಯಲ್ಲಿ ನಿಂತು ಕ್ಯಾಬಿಗೆ ಕಾಯಬೇಡಿ. ಮನಾಲಿ, ಧರ್ಮಶಾಲೆಯ ಖಾಸಗಿ ಬಸ್ಸು ಹಿಡಿಯುವವರು ಸಂಜೆಯೇ ಮಜ್ನೂ ಕಾ ಟೀಲಾಕ್ಕೆ ಹೋಗಿ ಕೂರಬಹುದು. ಟಿಬೆಟನ್ನರ ಕಾಲೋನಿ ಅದು, ಬಸ್ಸು ಬರುವ ತನಕ ಊಟ ಮಾಡಿಕೊಂಡು ಇರಬಹುದು. ರಿಡ್ಜ್ ಕಾಡಿನ ರಸ್ತೆಗಳು, ಸಂಜಯ್ ವನ, ಯಮುನೆಯ ದಡ, ರಸ್ತೆ ದಾಟುವ ಸುರಂಗ ದಾರಿಗಳು ಕತ್ತಲಾದ ಮೇಲೆ ಬೇಡ.

ಮೆಟ್ರೋ ರಾತ್ರಿ ಹನ್ನೊಂದರ ಸುಮಾರಿಗೆ ಮುಗಿಯುತ್ತದೆ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮೀಸಲು. ಗೊತ್ತಿಲ್ಲದೆ ಹತ್ತಿದ ಗಂಡಸರಿಗೆ ದಂಡ ಬೀಳುತ್ತದೆ, ಬೈಗುಳ ಅದಕ್ಕಿಂತ ಮೊದಲೇ ಬೀಳುತ್ತದೆ. ಸ್ಟೇಷನ್ನುಗಳ ಹೊರಗೆ ಟ್ರಾಫಿಕ್ ಪೊಲೀಸರ ಪ್ರೀಪೇಯ್ಡ್ ಆಟೋ ಬೂತು ಕಂಡರೆ ಅಲ್ಲೇ ಚೀಟಿ ತಗೊಳ್ಳಿ. ಇಳಿಯುವವರೆಗೂ ಆ ಚೀಟಿ ನಿಮ್ಮ ಕೈಯಲ್ಲಿರಲಿ, ಹತ್ತುವಾಗಲೇ ಡ್ರೈವರಿಗೆ ಕೊಟ್ಟುಬಿಡಬೇಡಿ. ತೊಂದರೆಯಾದರೆ 112.

ನೊಯ್ಡಾ, ಗುರುಗ್ರಾಮದಲ್ಲಿ ಅಗ್ಗಕ್ಕೆ ಒಳ್ಳೆ ರೂಮು ಸಿಗುತ್ತದೆ, ನಿಜ. ರಾಜ್ಯದ ಗಡಿ ದಾಟುವ ಕ್ಯಾಬ್ ಬಾಡಿಗೆ, ಟ್ರಾಫಿಕ್ಕಿನಲ್ಲಿ ಕೂರುವ ಹೊತ್ತು ಲೆಕ್ಕ ಹಾಕಿದರೆ ಉಳಿತಾಯ ಅಲ್ಲಿಗೇ ಮುಗಿಯಿತು. ಅಲ್ಲೇ ಕೆಲಸ ಇದ್ದವರಿಗೆ ಮಾತ್ರ ಸರಿ.

ಆಸ್ತಮಾ ಇರುವ ಹಿರಿಯರನ್ನು ಕರೆದುಕೊಂಡು ಹೋಗುವವರು ನವೆಂಬರಿನಿಂದ ಜನವರಿವರೆಗೆ ಇಡೀ ದೆಹಲಿಯನ್ನೇ ತಪ್ಪಿಸಿಕೊಳ್ಳುವುದು ಒಳ್ಳೆಯದು. ಹೊಗೆಗೆ ಏರಿಯಾ ಭೇದ ಇಲ್ಲ. ಫೆಬ್ರುವರಿ ಕೊನೆ, ಮಾರ್ಚ್ ಚೆನ್ನ.

ಅತ್ತೆಗೆ ಕೊನೆಗೆ ನಾನು ಆರಿಸಿಕೊಟ್ಟಿದ್ದು ಗ್ರೀನ್ ಪಾರ್ಕಿನ ಒಂದು ಗೆಸ್ಟ್ ಹೌಸು. ಮೆಟ್ರೋಗೆ ಆರು ನಿಮಿಷ, ಲಿಫ್ಟ್ ಇದೆ, ಕಿಟಕಿ ತೆರೆಯುತ್ತದೆ, ರಾತ್ರಿ ತೆರೆದಿರುವುದು ಮಾರ್ಕೆಟ್ ಕಡೆಯ ಗೇಟು. ಇಷ್ಟನ್ನೂ ಬರೆದು ಕಳಿಸಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಎಲ್ಲ ಸರಿ ಕಣೋ, ಬೆಳಗ್ಗೆ ಸ್ನಾನಕ್ಕೆ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತಂತೆ?"